ದರದ ಒಳಒಪ್ಪಂದ: ಮಾತು ಮಾಲೀಕರದ್ದು, ಹೊಣೆ ಮ್ಯಾನೇಜರರದ್ದೂ

ವ್ಯಾಪಾರಿಗಳು ಕೂಡಿ ದರ ನಿಗದಿ ಮಾಡುವುದರ ಬಗ್ಗೆ ಕಾರವಾರ, ಅಂಕೋಲಾ, ಶಿರಸಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಬಳಕ್ಕೆ ದುಡಿಯುವವರದ್ದು. ಹೆಸರು ಬೇಡವೆಂದು ಎಲ್ಲರೂ ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಬೈತಖೋಲ ಬಂದರಿನ ಬೋಟುಗಳಿಗೆ ಐಸ್ ಕೊಡುವ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದೇನೆ. ಆಗಸ್ಟ್ 1ಕ್ಕೆ ಮೀನುಗಾರಿಕೆ ಶುರುವಾಗುವ ಮೊದಲು ಸುತ್ತಲಿನ ಮಾಲೀಕರೆಲ್ಲ ಸಭೆ ಸೇರಿ ಐಸ್‌ಗೆ ಒಂದೇ ದರ ಕಟ್ಟುತ್ತಾರೆ. ಆ ದರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಯಾರಾದರೂ ಕಡಿಮೆಗೆ ಕೊಟ್ಟರೆ ಫೋನ್ ಮಾಡಿ ವಿಚಾರಿಸುವುದು ನನ್ನ ಪಾಲಿನ ಕೆಲಸ. ತೀರ್ಮಾನ ನನ್ನದಲ್ಲ. ನಾನು ಜೈಲಿಗೆ ಹೋಗಬೇಕಾದೀತೇ?
— ಕಾರವಾರ

ಉತ್ತರ: ದರ ಕಟ್ಟಿದ್ದಕ್ಕೆಂದೇ ಭಾರತದ ಸ್ಪರ್ಧಾ ಕಾಯ್ದೆ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಆದರೆ ದಂಡ ನಿಮ್ಮ ಸ್ವಂತ ಜೇಬಿನಿಂದ ಹೋಗಬಹುದು. ಈ ಕಾಯ್ದೆಯನ್ನು ಜಾರಿ ಮಾಡುವ ಭಾರತೀಯ ಸ್ಪರ್ಧಾ ಆಯೋಗದ ಆದೇಶವನ್ನು ಧಿಕ್ಕರಿಸಿದರೆ ಜೈಲಿನ ದಾರಿಯೂ ತೆರೆಯುತ್ತದೆ.

2002ರ ಸ್ಪರ್ಧಾ ಕಾಯ್ದೆಯ 3(3)ನೇ ಕಲಂ ಪ್ರಕಾರ, ಒಂದೇ ಬಗೆಯ ವ್ಯಾಪಾರ ಮಾಡುವವರು ಕೂಡಿ ಕೊಳ್ಳುವ ಅಥವಾ ಮಾರುವ ದರವನ್ನು ನಿಗದಿ ಮಾಡಿದರೆ ಸ್ಪರ್ಧೆಗೆ ಹಾನಿಯಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಹಾನಿಯಾಗಿಲ್ಲ ಎಂದು ತೋರಿಸಿಕೊಡುವ ಹೊರೆ ನಿಮ್ಮ ಕಡೆಯವರ ಮೇಲೆ ಬೀಳುತ್ತದೆ. ಬರಹದಲ್ಲಿ ಒಪ್ಪಂದ ಇರಬೇಕೆಂದೇನೂ ಇಲ್ಲ. ಬಾಯಿಮಾತಿನ ತಿಳಿವಳಿಕೆ, ಕೂಡಿ ನಡೆದುಕೊಂಡ ರೀತಿ ಇಷ್ಟೇ ಸಾಕು. ಪೂರೈಕೆಯನ್ನು ಕೂಡಿ ಕಡಿಮೆ ಮಾಡುವುದು, ಗಿರಾಕಿಗಳನ್ನೋ ಪ್ರದೇಶವನ್ನೋ ಹಂಚಿಕೊಳ್ಳುವುದು, ಟೆಂಡರ್‌ನಲ್ಲಿ ಕೈಜೋಡಿಸುವುದು ಕೂಡ ಇದೇ ಕಲಮಿನೊಳಗೆ ಬರುತ್ತವೆ.

ನಿಮ್ಮ ವೈಯಕ್ತಿಕ ಹೊಣೆ ಇರುವುದು 48ನೇ ಕಲಮಿನಲ್ಲಿ. ಅಲ್ಲಿ ಎರಡು ಗುಂಪಿನ ಜನ ಬರುತ್ತಾರೆ. ತಪ್ಪು ನಡೆದ ಕಾಲಕ್ಕೆ ಕಂಪನಿಯ ವ್ಯವಹಾರದ ಉಸ್ತುವಾರಿ ಹೊತ್ತಿದ್ದವರು ಮೊದಲನೆಯವರು. ಅಂಥವರು 'ನನಗೆ ಗೊತ್ತಿರಲಿಲ್ಲ' ಅಥವಾ 'ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ' ಎಂದು ಸಾಬೀತುಪಡಿಸಿದರೆ ಪಾರಾಗಬಹುದು. ತಮ್ಮ ಒಪ್ಪಿಗೆ, ಶಾಮೀಲು ಅಥವಾ ನಿರ್ಲಕ್ಷ್ಯದಿಂದ ತಪ್ಪು ನಡೆಯಲು ಕಾರಣರಾದ ನಿರ್ದೇಶಕರು, ಮ್ಯಾನೇಜರರು, ಕಾರ್ಯದರ್ಶಿಗಳು, ಇತರ ಅಧಿಕಾರಿಗಳು ಎರಡನೆಯವರು. ದರವನ್ನು ಗುಂಪಿಗೆ ಹಾಕಿ, ತಪ್ಪಿ ನಡೆದವರನ್ನು ಫೋನಿನಲ್ಲಿ ವಿಚಾರಿಸಿದವರು 'ಗೊತ್ತಿರಲಿಲ್ಲ' ಎನ್ನಲು ಬರುವುದಿಲ್ಲ. ಒಪ್ಪಂದ ಮುರಿದವನನ್ನು ಹಿಡಿದು ಕೇಳುವುದೇ ಕಾರ್ಟೆಲ್ (ವ್ಯಾಪಾರಿಗಳ ಇಂಥ ಒಳಒಪ್ಪಂದದ ಕೂಟ) ಉಳಿಯಲು ಬೇಕಾದ ಕೆಲಸ. ತನಿಖೆಯವರು ಮೊದಲು ಹುಡುಕುವುದೂ ಅದನ್ನೇ. 'ನಮ್ಮದು ಕಂಪನಿ ಅಲ್ಲ, ಪಾಲುದಾರಿಕೆ ಫರ್ಮು' ಎಂಬ ಮಾತೂ ನಡೆಯದು. ಈ ಕಲಮಿನ ಮಟ್ಟಿಗೆ ಫರ್ಮೂ ಕಂಪನಿಯೇ, ಪಾಲುದಾರರೂ ನಿರ್ದೇಶಕರೇ.

ದಂಡ ಎಷ್ಟಾಗಬಹುದು? ಕಾರ್ಟೆಲ್ ಆದರೆ, ಅದು ನಡೆದ ಪ್ರತಿ ವರ್ಷಕ್ಕೂ ನಿಮ್ಮ ಆದಾಯದ ಶೇ 10ರವರೆಗೆ. ವರ್ಷಕ್ಕೆ 6 ಲಕ್ಷ ರೂಪಾಯಿ ಆದಾಯವಿದ್ದು ನಾಲ್ಕು ವರ್ಷ ನಡೆದಿದ್ದರೆ ಗರಿಷ್ಠ 2.4 ಲಕ್ಷ. ಕಾರ್ಖಾನೆಗೆ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ 10, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ. ವರ್ಷಕ್ಕೆ 2 ಕೋಟಿ ವಹಿವಾಟು, 15 ಲಕ್ಷ ಲಾಭ ಇರುವ ಕಾರ್ಖಾನೆಯ ಲೆಕ್ಕ ಹಾಕಿ: ವಹಿವಾಟಿನ ದಾರಿಯಲ್ಲಿ ನಾಲ್ಕು ವರ್ಷಕ್ಕೆ 80 ಲಕ್ಷ, ಲಾಭದ ದಾರಿಯಲ್ಲಿ 1.8 ಕೋಟಿ. ಇವು ಮಿತಿಗಳು, ಪ್ರತಿ ಪ್ರಕರಣದಲ್ಲೂ ಅಷ್ಟೇ ಹಾಕುತ್ತಾರೆಂದಲ್ಲ. ಸಣ್ಣ ಉದ್ದಿಮೆ ಎಂದು ಆಯೋಗ ದಂಡ ಬಿಟ್ಟ ಪ್ರಕರಣಗಳೂ ಇವೆ. ಆದರೆ ಅಲ್ಲೂ ತಪ್ಪು ತಪ್ಪೆಂದೇ ದಾಖಲಾಗಿದೆ.

ಜೈಲಿನ ವಿಷಯ 42ನೇ ಕಲಮಿನದು. 'ಇನ್ನು ನಿಲ್ಲಿಸಿ' ಎಂದು ಆಯೋಗ ಆದೇಶಿಸಿದ ಮೇಲೂ ಅದನ್ನು ಪಾಲಿಸದಿದ್ದರೆ ದೆಹಲಿಯ ನ್ಯಾಯಾಲಯದಲ್ಲಿ ದೂರು ದಾಖಲಾಗಿ 3 ವರ್ಷದವರೆಗೆ ಸೆರೆವಾಸ, 25 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದೇಶ ಬಂದ ಮರುವರ್ಷ ಗುಂಪಿನ ಹೆಸರು ಬದಲಿಸಿ ಅದೇ ದರಪಟ್ಟಿ ಹಂಚುವವರು ಈ ಬಲೆಗೆ ತಾವಾಗಿಯೇ ಬೀಳುತ್ತಾರೆ.

ಹಾಗಾದರೆ ಎಲ್ಲ ಕಾರ್ಖಾನೆಗಳ ದರ ಒಟ್ಟಿಗೆ ಏರಿದರೆ ತಪ್ಪೇ? ಅಲ್ಲ. ವಿದ್ಯುತ್ ದರ ಏರಿತು, ಅಮೋನಿಯಾ ದುಬಾರಿಯಾಯಿತು, ನೀರಿನ ಟ್ಯಾಂಕರ್ ಬಾಡಿಗೆ ಹೆಚ್ಚಿತು ಎಂದು ಪ್ರತಿ ಕಾರ್ಖಾನೆ ತನ್ನ ಲೆಕ್ಕ ತಾನೇ ಹಾಕಿ ದರ ಏರಿಸಲು ಅಡ್ಡಿಯಿಲ್ಲ. ಆ ಲೆಕ್ಕದ ಹಾಳೆಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ವಿದ್ಯುತ್ ದರ ಇಳಿಸಿ ಎಂದು ಸಂಘದಿಂದ ಸರ್ಕಾರಕ್ಕೆ ಮನವಿ ಕೊಡುವುದಕ್ಕೂ ತಡೆಯಿಲ್ಲ. ಮುಂದಿನ ವಾರ ಎಷ್ಟಕ್ಕೆ ಮಾರುತ್ತೇವೆ ಎಂಬ ಮಾತು ಬೇರೆ ಕಾರ್ಖಾನೆಯವರ ಕಿವಿಗೆ ಬೀಳಬಾರದು, ಅವರದು ನಿಮ್ಮ ಕಿವಿಗೂ ಬೀಳಬಾರದು.

ಪ್ರಶ್ನೆ: ಸಂಘದ ಸಭೆಗೆ ಮಾಲೀಕರ ಬದಲು ನನ್ನನ್ನು ಕಳಿಸುತ್ತಾರೆ. ಕಾರ್ಯಸೂಚಿ ಮುಗಿದ ಮೇಲೆ ಚಹಾ ಕುಡಿಯುವಾಗ ದರದ ಮಾತು ಬರುತ್ತದೆ. ನಾನು ಬಾಯಿ ಬಿಡುವುದಿಲ್ಲ. ಸುಮ್ಮನಿದ್ದವನಿಗೆ ಏನು ತೊಂದರೆ?
— ಕುಮಟಾ

ಉತ್ತರ: ಸುಮ್ಮನಿದ್ದುದನ್ನು ಒಪ್ಪಿಗೆ ಎಂದು ಓದಲು ಎಲ್ಲ ಅವಕಾಶವೂ ಇದೆ. ಮುಖ್ಯವಾಗಿ, ಸಭೆಯ ನಂತರ ನಿಮ್ಮ ಅಂಗಡಿಯ ದರವೂ ಅದೇ ಅಂಕಿಗೆ ಬಂದು ನಿಂತರೆ.

ದರದ ಮಾತು ಬಂದ ಕ್ಷಣ, 'ಈ ಚರ್ಚೆಯಲ್ಲಿ ನಾನಿಲ್ಲ, ಇದನ್ನು ನಿಲ್ಲಿಸಿ' ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ನಿಲ್ಲಿಸದಿದ್ದರೆ ಎದ್ದು ಹೊರಡಿ. ನಡಾವಳಿ ಬರೆಯುವವರು ಇದ್ದರೆ, ನೀವು ಎದ್ದು ಹೋದ ಸಮಯವನ್ನು ಬರೆಸಿ. ಅದೇ ದಿನ ಮಾಲೀಕರಿಗೆ ಮತ್ತು ಸಂಘದ ಕಾರ್ಯದರ್ಶಿಗೆ ಇಮೇಲ್ ಕಳಿಸಿ: ಯಾವ ಸಭೆ, ಯಾರು ಮಾತೆತ್ತಿದರು, ನೀವು ಏನು ಹೇಳಿದಿರಿ, ಎಷ್ಟು ಹೊತ್ತಿಗೆ ಹೊರಟಿರಿ. ನಾಲ್ಕು ಸಾಲು ಸಾಕು. ವಾರ ಬಿಟ್ಟು ಬರೆದ ಪತ್ರಕ್ಕೆ ಅಂದೇ ಬರೆದದ್ದರ ತೂಕ ಇರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ದರಪಟ್ಟಿ ಬಂದರೂ ಇದೇ ಕ್ರಮ: 'ಇಂಥ ಮಾಹಿತಿ ನನಗೆ ಕಳಿಸಬೇಡಿ' ಎಂದು ಅದೇ ಗುಂಪಿನಲ್ಲಿ ಬರೆದು, ನಂತರ ಹೊರಬನ್ನಿ. ಏನೂ ಬರೆಯದೆ ಹೊರಬಂದರೆ, ಹಳೆಯ ಸಂದೇಶಗಳನ್ನೆಲ್ಲ ನೀವು ಓದಿ ಒಪ್ಪಿದ್ದಿರಿ ಎಂಬ ವಾದಕ್ಕೆ ಎಡೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿ ಮರುದಿನ ಮಾಲೀಕರು ಹೇಳಿದರೆಂದು ಅದೇ ದರಕ್ಕೆ ಬಿಲ್ ಹಾಕಿದರೆ ಬರೆದಿಟ್ಟದ್ದೆಲ್ಲ ವ್ಯರ್ಥ.

ಸಂಘದ ಪದಾಧಿಕಾರಿಗಳೂ ಇದನ್ನು ಗಮನಿಸಬೇಕು. ಕೇರಳದ ಚಲನಚಿತ್ರ ಪ್ರದರ್ಶಕರ ಒಕ್ಕೂಟದ ಪ್ರಕರಣದಲ್ಲಿ ಆಯೋಗ 2015ರಲ್ಲಿ ಒಕ್ಕೂಟದ ಜೊತೆಗೆ ಅಧ್ಯಕ್ಷ, ಕಾರ್ಯದರ್ಶಿಗಳಿಗೂ ದಂಡ ಹಾಕಿ, ಎರಡು ವರ್ಷ ಒಕ್ಕೂಟದ ಕೆಲಸದಿಂದ ದೂರವಿರಬೇಕೆಂದು ಹೇಳಿತ್ತು. ಪದಾಧಿಕಾರಿಗಳ ಮೇಲಿನ ಆ ಭಾಗ ಮೇಲ್ಮನವಿಯಲ್ಲಿ ಬಿದ್ದುಹೋಗಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿಯಿತು. ಅಲ್ಲಿದ್ದದ್ದು ದರದ ಪ್ರಶ್ನೆಯಲ್ಲ, ಚಿತ್ರಮಂದಿರವೊಂದಕ್ಕೆ ಚಿತ್ರ ಸಿಗದಂತೆ ಮಾಡಿದ ಬಹಿಷ್ಕಾರ. ಆದರೂ ಪದಾಧಿಕಾರಿಯ ಸ್ವಂತ ಹೊಣೆಯ ಮಾತು ದರ ಕಟ್ಟುವ ಸಂಘಗಳಿಗೂ ಅಷ್ಟೇ ಅನ್ವಯಿಸುತ್ತದೆ. ಸಂಘದ ಕಾರ್ಯದರ್ಶಿ ತಾನು ಆ ವ್ಯಾಪಾರವನ್ನೇ ಮಾಡುವುದಿಲ್ಲ ಎಂದರೂ, ಒಪ್ಪಂದ ನಡೆಸಿಕೊಡಲು ಕೈಹಾಕಿದವರನ್ನು ಅದರ ಭಾಗವೆಂದೇ ಎಣಿಸಬೇಕೆಂದು 2023ರ ತಿದ್ದುಪಡಿ ಹೇಳುತ್ತದೆ.

ಪ್ರಶ್ನೆ: ಅಡಿಕೆ ಖರೀದಿದಾರರೊಬ್ಬರ ಪರವಾಗಿ ದಿನವೂ ಟೆಂಡರ್ ಬರೆಯುತ್ತೇನೆ. ಕೊಳ್ಳುವವರು ಕಡಿಮೆ ದರಕ್ಕೆ ಕೂಡಿಕೊಂಡರೆ ಅದೂ ಕಾರ್ಟೆಲ್ಲೇ? ಹಲವು ದಿನ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ನಮ್ಮೆಲ್ಲರ ದರ ಹತ್ತಿರ ಹತ್ತಿರವೇ ಇರುತ್ತದೆ. ಅಷ್ಟಕ್ಕೇ ಸಿಕ್ಕಿಬೀಳುತ್ತೇವೆಯೇ?
— ಶಿರಸಿ

ಉತ್ತರ: ಕೊಳ್ಳುವವರ ಕೂಟವೂ ಕಾರ್ಟೆಲ್ಲೇ. ಕಾಯ್ದೆಯಲ್ಲಿ ಕೊಳ್ಳುವ ದರ, ಮಾರುವ ದರ ಎರಡೂ ಇವೆ. ಬೆಳೆಗಾರರ ವರ್ಷದ ದುಡಿಮೆಯ ಬೆಲೆ ಆ ಒಂದು ಟೆಂಡರ್ ಚೀಟಿಯಲ್ಲಿ ತೀರ್ಮಾನವಾಗುವುದರಿಂದ, ಇಲ್ಲಿ ಕೂಡಿಕೊಳ್ಳುವುದು ಅಂಗಡಿ ದರ ಏರಿಸುವುದಕ್ಕಿಂತ ಹಗುರವಾದ ತಪ್ಪೆಂದು ಯಾರೂ ಭಾವಿಸಬಾರದು.

ದರ ಹತ್ತಿರವಿದ್ದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ. ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಬಿಡ್‌ಗಳು ಒಂದೇ ತೆರನಾಗಿದ್ದರೂ, ಕೊಳ್ಳುವವರು ಬೆರಳೆಣಿಕೆಯ ತೈಲ ಕಂಪನಿಗಳಷ್ಟೇ ಇದ್ದ ಆ ಮಾರುಕಟ್ಟೆಯ ಸ್ವರೂಪವೇ ಅದಕ್ಕೆ ಕಾರಣವಿರಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ದಂಡವನ್ನು ರದ್ದು ಮಾಡಿತು. ಹೊರಗಿನ ಮಾರುಕಟ್ಟೆಯ ಧಾರಣೆ ಎಲ್ಲರಿಗೂ ಗೊತ್ತಿರುವಾಗ, ಒಂದೇ ರಾಶಿಯನ್ನು ಕೈಯಲ್ಲಿ ಹಿಡಿದು ನೋಡಿದ ಅನುಭವಿಗಳ ದರ ಹತ್ತಿರ ಬರುವುದು ಸಹಜ.

ದರದ ಹೊರತಾಗಿ ಸಿಗುವ ಕುರುಹುಗಳೇ ಸಿಕ್ಕಿಹಾಕಿಸುವುದು. ಟೆಂಡರ್ ಪೆಟ್ಟಿಗೆ ತೆರೆಯುವ ಮೊದಲು ಪರಸ್ಪರ ಹೋದ ಕರೆಗಳು. ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಎಂದು ಸರದಿ ಪ್ರಕಾರ ಗೆಲುವು. ಗೆದ್ದವರು ಅದೇ ಸಂಜೆ ಸೋತವರಿಗೆ ಮಾಲು ಹಂಚಿದ ಬಿಲ್ಲು. ಹೊಸ ಖರೀದಿದಾರ ಬಂದ ದಿನ ಮಾತ್ರ ಜಿಗಿದು, ಅವನು ಬಾರದ ದಿನ ಕುಸಿಯುವ ಕ್ವಿಂಟಲ್ ದರ. ನಿಮ್ಮ ರಕ್ಷಣೆಗೆ ದಿನದ ದರ ಹೇಗೆ ಬಂತೆಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಡಿ: ಎಲ್ಲಿಯ ಬೇಡಿಕೆ, ಎಷ್ಟು ಸಾಗಾಟ ವೆಚ್ಚ, ಮಾಲಿನ ತೇವ ಮತ್ತು ಬಣ್ಣ, ಮೇಲಿನವರು ಕೊಟ್ಟ ಮಿತಿ. ಆ ಮಿತಿ ನಿಮ್ಮ ಖರೀದಿದಾರರ ಸ್ವಂತ ಲೆಕ್ಕದ್ದಾಗಿರಬೇಕು. 'ಎಲ್ಲರೂ ಇಷ್ಟಕ್ಕೇ ಅಂತಾಗಿದೆ' ಎಂದು ಅವರು ಫೋನಿನಲ್ಲಿ ಹೇಳಿದರೆ ಹಿಂದಿನ ಉತ್ತರದ ಇಮೇಲ್ ಅಂದೇ ಹೋಗಬೇಕು.

ಸಹಕಾರಿ ಸಂಘ ತನ್ನ ಸದಸ್ಯರ ಅಡಿಕೆಯನ್ನು ಒಟ್ಟಾಗಿ ಟೆಂಡರ್‌ಗೆ ಇಡುವುದನ್ನು ಇದರ ಜೊತೆ ಬೆರೆಸಬೇಡಿ. ಆದರೆ ಸಹಕಾರಿ ಎಂಬ ಹೆಸರೇ ಕಾಯ್ದೆಯಿಂದ ವಿನಾಯಿತಿ ಕೊಡುವುದಿಲ್ಲ.

ಪ್ರಶ್ನೆ: ಗುತ್ತಿಗೆದಾರರ ಕಚೇರಿಯಲ್ಲಿ ಟೆಂಡರ್ ಕೆಲಸ ನೋಡುತ್ತೇನೆ. ಒಮ್ಮೊಮ್ಮೆ ಸ್ನೇಹಿತ ಗುತ್ತಿಗೆದಾರರ ಡಿಜಿಟಲ್ ಸಹಿಯ ಟೋಕನ್ ನಮ್ಮಲ್ಲೇ ಇರುತ್ತದೆ. ಅವರ ಹೆಸರಿನಲ್ಲಿ ಹೆಚ್ಚಿನ ದರದ ಬಿಡ್ ಅನ್ನೂ ನಾನೇ ಏರಿಸುತ್ತೇನೆ. ಇದು 'ಲೆಕ್ಕಕ್ಕೆ ಮೂರು ಬಿಡ್' ಮಾಡುವ ರೂಢಿ ಅಷ್ಟೇ ಅಲ್ಲವೇ?
— ಯಲ್ಲಾಪುರ

ಉತ್ತರ: ಇವತ್ತೇ ನಿಲ್ಲಿಸಿ. ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಅಪಾಯದಲ್ಲಿ ಇರುವವರು ನೀವೇ.

ಸೋಲಲೆಂದೇ ಹಾಕುವ ಬಿಡ್ ಕೂಡ ಟೆಂಡರ್ ಕಾರ್ಟೆಲ್‌ನ ಭಾಗ. ಪುಣೆ ಮಹಾನಗರ ಪಾಲಿಕೆಯ ಕಸ ವಿಲೇವಾರಿ ಘಟಕಗಳ ಟೆಂಡರ್‌ಗಳಲ್ಲಿ ಬೇರೆ ಬೇರೆ ಸಂಸ್ಥೆಗಳ ಬಿಡ್‌ಗಳು ಒಂದೇ ಐಪಿ ವಿಳಾಸದಿಂದ ಏರಿದ್ದು ಸಾಕ್ಷ್ಯವಾಗಿ ಬಂತು. 2018ರಲ್ಲಿ ಆಯೋಗ ಸಂಸ್ಥೆಗಳ ಜೊತೆ ವ್ಯಕ್ತಿಗಳಿಗೂ ದಂಡ ಹಾಕಿತು. ಇ-ಟೆಂಡರ್ ಜಾಲತಾಣದಲ್ಲಿ ಬಿಡ್ ಏರಿದ ಸಮಯ, ಐಪಿ ವಿಳಾಸ, ಯಾರ ಸಹಿ ಎಂಬುದೆಲ್ಲ ಉಳಿಯುತ್ತದೆ. ಇಎಂಡಿ (ಟೆಂಡರ್ ಜೊತೆ ಇಡುವ ಮುಂಗಡ ಠೇವಣಿ) ಹಣ ಒಂದೇ ಖಾತೆಯಿಂದ ಹೋಗಿರುವುದು, ದರ ವಿಶ್ಲೇಷಣೆಯಲ್ಲಿ ಒಂದೇ ಕಾಗುಣಿತದ ತಪ್ಪು ಮೂರೂ ಕಡತದಲ್ಲಿ ಇರುವುದು, ಪ್ರತಿ ಐಟಂಗೂ ಒಂದೇ ಶೇಕಡಾವಾರು ಏರಿಕೆ, ಇವನ್ನು ಹಿಡಿಯಲು ಪತ್ತೇದಾರರೇ ಬೇಕಿಲ್ಲ, ಲೆಕ್ಕಪರಿಶೋಧಕರು ಸಾಕು.

ಇಲ್ಲಿ ದಂಡದಾಚೆಗೂ ವಿಷಯ ಹೋಗುತ್ತದೆ. ಸರ್ಕಾರದ ಹಣ, ಸುಳ್ಳು ಘೋಷಣೆ ಸೇರಿದಾಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ, 61ನೇ ಕಲಮಿನ ಅಪರಾಧ ಸಂಚು ಬಂದು ನಿಲ್ಲಬಹುದು. ವಂಚಿಸಿ ಹಣ, ಆಸ್ತಿ ಪಡೆದದ್ದಕ್ಕೆ 7 ವರ್ಷದವರೆಗೆ ಸೆರೆವಾಸವಿದೆ. ಅಧಿಕಾರಿಯೂ ಶಾಮೀಲಾಗಿದ್ದರೆ ಭ್ರಷ್ಟಾಚಾರ ತಡೆ ಕಾಯ್ದೆ ಬೇರೆ. ಕೀಲಿ ಒತ್ತಿದ ಕೈ ನಿಮ್ಮದಾಗಿದ್ದರಿಂದ ಮೊದಲ ವಿಚಾರಣೆಯೂ ನಿಮ್ಮದೇ. ಟೋಕನ್‌ಗಳನ್ನು ಅವುಗಳ ಒಡೆಯರಿಗೆ ಸ್ವೀಕೃತಿ ಪಡೆದು ಹಿಂತಿರುಗಿಸಿ.

ಇಬ್ಬರು ಗುತ್ತಿಗೆದಾರರು ನಿಜಕ್ಕೂ ಕೂಡಿ ಕೆಲಸ ಮಾಡುವುದಿದ್ದರೆ ಟೆಂಡರ್ ಷರತ್ತು ಒಪ್ಪುವ ಕಡೆ ಜಂಟಿ ಬಿಡ್ ಎಂದು ಬಹಿರಂಗವಾಗಿ ಹಾಕಲಿ.

ಪ್ರಶ್ನೆ: ಸಿಗಡಿ ರಫ್ತು ಘಟಕದಲ್ಲಿ ಮಾರಾಟ ವಿಭಾಗದಲ್ಲಿದ್ದೇನೆ. ಅಮೆರಿಕದ ಖರೀದಿದಾರರಿಗೆ ಹೇಳುವ ದರವನ್ನು ಬೇರೆ ರಫ್ತುದಾರರ ಜೊತೆ ಮಾತಾಡಿಕೊಳ್ಳುತ್ತೇವೆ. ರಫ್ತಿಗೆ ವಿನಾಯಿತಿ ಇದೆ ಎನ್ನುತ್ತಾರೆ. ನಿಜವೇ?
— ಅಂಕೋಲಾ

ಉತ್ತರ: ಅರ್ಧ ನಿಜ. ಆ ಅರ್ಧವೇ ಜನರನ್ನು ಹಳ್ಳಕ್ಕೆ ಬೀಳಿಸುತ್ತದೆ. ಕೇವಲ ರಫ್ತಿಗೆ ಸಂಬಂಧಿಸಿದ ಒಪ್ಪಂದಕ್ಕೆ ನಮ್ಮ ಕಾಯ್ದೆಯ 3(5)ನೇ ಕಲಂ ರಕ್ಷಣೆ ಕೊಡುತ್ತದೆ. ಕೊಳ್ಳುವ ದೇಶದ ಕಾನೂನನ್ನು ಅದು ತಡೆಯಲಾರದು.

ಅಮೆರಿಕದ 1890ರ ಶೆರ್ಮನ್ ಕಾಯ್ದೆಯಲ್ಲಿ ದರ ಕಟ್ಟುವುದು ನೇರ ಕ್ರಿಮಿನಲ್ ಅಪರಾಧ. ವ್ಯಕ್ತಿಗೆ 10 ವರ್ಷದವರೆಗೆ ಜೈಲು, 10 ಲಕ್ಷ ಡಾಲರ್‌ವರೆಗೆ ದಂಡ. ಮೀನಿನ ವ್ಯಾಪಾರದಲ್ಲೇ ಉದಾಹರಣೆಯಿದೆ. ಡಬ್ಬಿಯಲ್ಲಿ ಮಾರುವ ಟ್ಯೂನಾ ಮೀನಿನ ದರ ಕಟ್ಟಿದ ಪ್ರಕರಣದಲ್ಲಿ ಬಂಬಲ್ ಬೀ ಕಂಪನಿ 2017ರಲ್ಲಿ ತಪ್ಪೊಪ್ಪಿಕೊಂಡಿತು. ಅದರ ಮುಖ್ಯಾಧಿಕಾರಿಯಾಗಿದ್ದ ಕ್ರಿಸ್ಟೋಫರ್ ಲಿಶೆವ್‌ಸ್ಕಿ ಅವರಿಗೆ 2020ರಲ್ಲಿ 40 ತಿಂಗಳ ಸೆರೆವಾಸ, 1 ಲಕ್ಷ ಡಾಲರ್ ದಂಡ ಆಯಿತು. ಮತ್ತೊಂದು ಕಂಪನಿ ಸ್ಟಾರ್‌ಕಿಸ್ಟ್‌ಗೆ 10 ಕೋಟಿ ಡಾಲರ್ ದಂಡ ಬಿತ್ತು. ಬ್ರಿಟನ್‌ನಲ್ಲಿ ವ್ಯಕ್ತಿಗೆ 5 ವರ್ಷದವರೆಗೆ ಜೈಲಿದೆ.

'ನಾನು ಅಮೆರಿಕಕ್ಕೆ ಹೋಗುವುದೇ ಇಲ್ಲ' ಎಂದು ನೆಮ್ಮದಿಯಾಗಿರಲೂ ಬರದು. ಹಡಗಿನಿಂದ ತೈಲ ಇಳಿಸುವ ರಬ್ಬರ್ ಕೊಳವೆಗಳ ಕಾರ್ಟೆಲ್‌ನಲ್ಲಿ ಬೇಕಾಗಿದ್ದ ಇಟಲಿಯ ಅಧಿಕಾರಿಯೊಬ್ಬರು 2013ರಲ್ಲಿ ನೈಜೀರಿಯಾದಿಂದ ಊರಿಗೆ ಮರಳುವಾಗ ಜರ್ಮನಿಯಲ್ಲಿ ವಿಮಾನ ಬದಲಿಸಲು ಇಳಿದಿದ್ದರು. ಅಲ್ಲೇ ಬಂಧನವಾಯಿತು, 2014ರಲ್ಲಿ ಅಮೆರಿಕಕ್ಕೆ ಹಸ್ತಾಂತರವೂ ಆಯಿತು. ಮೀನು ಮೇಳಕ್ಕೆಂದು ಹೊರದೇಶಕ್ಕೆ ಹೋಗಿಬರುವ ಮಾರಾಟ ವಿಭಾಗದವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇನ್ನೊಂದು ಮಾತು: ಅದೇ ಒಪ್ಪಂದದಲ್ಲಿ ಇಲ್ಲಿಯ ಬೋಟಿನವರಿಂದ ಕೊಳ್ಳುವ ಸಿಗಡಿಯ ದರವನ್ನೂ ಕಟ್ಟಿದ್ದರೆ 'ಕೇವಲ ರಫ್ತಿಗೆ' ಎಂಬ ವಾದ ನಿಲ್ಲುವುದು ಕಷ್ಟ.

ಪ್ರಶ್ನೆ: ತನಿಖೆ ಬರುತ್ತದೆಂಬ ಸುದ್ದಿಯಿದೆ. ಫೋನಿನ ಸಂದೇಶಗಳನ್ನು ಅಳಿಸಲು ಮೇಲಿನವರು ಹೇಳಿದ್ದಾರೆ. ಏನು ಮಾಡಲಿ?
— ಭಟ್ಕಳ

ಉತ್ತರ: ಅಳಿಸಬೇಡಿ. ದಾಖಲೆ ನಾಶ ಮಾಡುವುದು, ಬದಲಾಯಿಸುವುದು ಬೇರೆಯೇ ತಪ್ಪು, 45ನೇ ಕಲಮಿನಲ್ಲಿ 1 ಕೋಟಿ ರೂಪಾಯಿವರೆಗೆ ದಂಡ. ನೀವು ಅಳಿಸಿದರೂ ಗುಂಪಿನಲ್ಲಿದ್ದ ಉಳಿದವರ ಫೋನಿನಲ್ಲಿ ಅದೇ ಸಂದೇಶ ಇರುತ್ತದೆ. ಆಗ ಸಂದೇಶಕ್ಕಿಂತ ಅಳಿಸಿದ್ದೇ ನಿಮ್ಮ ವಿರುದ್ಧ ದೊಡ್ಡ ಸಾಕ್ಷ್ಯ. 'ಅಳಿಸುವುದಿಲ್ಲ' ಎಂದು ಬರಹದಲ್ಲಿ ತಿಳಿಸಿ. ಆಯೋಗದ ಪರವಾಗಿ ತನಿಖೆ ನಡೆಸುವ ಮಹಾನಿರ್ದೇಶಕರ ಕಚೇರಿಯಿಂದ ಸಮನ್ಸ್ ಬಂದರೆ ಹಾಜರಾಗಿ. ಪ್ರಮಾಣದ ಮೇಲೆ ಹೇಳಿಕೆ ಪಡೆಯುವ ಅಧಿಕಾರ ಅವರಿಗಿದೆ, ತಪ್ಪಿಸಿಕೊಂಡರೆ ದಿನಕ್ಕೆ 1 ಲಕ್ಷದವರೆಗೆ ದಂಡ ಏರುತ್ತ ಹೋಗಬಹುದು.

ಪ್ರಶ್ನೆ: ಮಾಲೀಕರಿಗೆ ಹೇಳದೆ ನಾನೊಬ್ಬನೇ ಆಯೋಗಕ್ಕೆ ಎಲ್ಲವನ್ನೂ ತಿಳಿಸಬಹುದೇ? ತಿಳಿಸಿದರೆ ಏನು ಲಾಭ?
— ಹೊನ್ನಾವರ

ಉತ್ತರ: ತಿಳಿಸಬಹುದು. 46ನೇ ಕಲಮಿನ ದಂಡ ರಿಯಾಯಿತಿಗೆ ಕಂಪನಿಯೇ ಹೋಗಬೇಕೆಂದಿಲ್ಲ. ವ್ಯಕ್ತಿಗಳೂ ಅರ್ಜಿ ಹಾಕಬಹುದೆಂದು 2017ರಲ್ಲೇ ಸ್ಪಷ್ಟವಾಗಿದೆ. ಈಗ ಇರುವುದು 2024ರ ನಿಯಮಗಳು.

ಎಲ್ಲವೂ ನಿಂತಿರುವುದು ಸರದಿಯ ಮೇಲೆ. ಮೊದಲು ಬಂದು ಆಯೋಗಕ್ಕೆ ಗೊತ್ತಿಲ್ಲದ್ದನ್ನು ಹೇಳಿದವರಿಗೆ ಶೇ 100ರವರೆಗೆ, ಎರಡನೆಯವರಿಗೆ ಶೇ 50ರವರೆಗೆ, ಆಮೇಲಿನವರಿಗೆ ಶೇ 30ರವರೆಗೆ ರಿಯಾಯಿತಿ. ಬಿಯರ್ ಕಂಪನಿಗಳ ಕಾರ್ಟೆಲ್‌ನಲ್ಲಿ ಮೊದಲು ಬಂದ ಕಂಪನಿಗೆ 2021ರಲ್ಲಿ ಪೂರ್ತಿ ವಿನಾಯಿತಿ ಸಿಕ್ಕಿತು. ತಡವಾಗಿ ಬಂದ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ ರೂಪಾಯಿ ದಂಡ ಬಿತ್ತು. ಆದ್ದರಿಂದ ದಾಖಲೆಯೆಲ್ಲ ಸೇರಿಸಿಕೊಂಡು ಹೋಗೋಣ ಎಂದು ತಿಂಗಳುಗಟ್ಟಲೆ ಕಾಯಬೇಡಿ. ಮೊದಲು ನಿಮ್ಮ ಸರದಿಯನ್ನು ಕಾಯ್ದಿರಿಸುವ ಗುರುತು ಕೇಳಿ, ನಂತರ ಆಯೋಗ ಕೊಡುವ ಗಡುವಿನೊಳಗೆ ವಿವರ ಕೊಡಿ. ಯಾವ ಸರಕು, ಯಾವ ಪ್ರದೇಶ, ಯಾರು ಯಾರು, ಯಾವಾಗಿನಿಂದ, ಎಲ್ಲಿ ಸೇರಿದಿರಿ, ನಿಮ್ಮ ಪಾತ್ರ ಏನು ಎಂಬುದು ಬೇಕು. ನಿಮ್ಮ ಪಾತ್ರವನ್ನು ತಗ್ಗಿಸಿ ಹೇಳಬೇಡಿ. ಅರ್ಧ ಮುಚ್ಚಿಟ್ಟದ್ದು ಹೊರಬಂದರೆ ರಿಯಾಯಿತಿಯೇ ಕೈತಪ್ಪಬಹುದು. ಅರ್ಜಿದಾರರ ಗುರುತನ್ನು ಗೋಪ್ಯವಾಗಿಡುವ ವ್ಯವಸ್ಥೆಯಿದೆ. ಆದರೆ ಸಣ್ಣ ಊರಿನಲ್ಲಿ ಯಾರು ಹೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕೆಲಸ ಹೋಗುವ ಸಾಧ್ಯತೆಯನ್ನೂ ಮುಂಚೆಯೇ ಯೋಚಿಸಿ.

ಕಂಪನಿಯ ವಕೀಲರ ಬಳಿ ಈ ಮಾತನ್ನು ಚರ್ಚಿಸಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ಅವರ ಕಕ್ಷಿದಾರ ಕಂಪನಿ. ಸ್ವಂತ ವಕೀಲರನ್ನು ಹಿಡಿಯಿರಿ.

ನೀವು ಕಾರ್ಟೆಲ್‌ನಲ್ಲಿ ಇಲ್ಲದೆ ಅದರಿಂದ ಪೆಟ್ಟು ತಿಂದವರಾದರೆ ದಾರಿ ಬೇರೆ: 19ನೇ ಕಲಮಿನಡಿ ಮಾಹಿತಿ ಸಲ್ಲಿಸುವುದು. ಬೋಟಿನವರು, ಬೆಳೆಗಾರರು, ಯಾರೇ ಆಗಲಿ ಸಲ್ಲಿಸಬಹುದು, ಒಬ್ಬ ವ್ಯಕ್ತಿಗೆ ಶುಲ್ಕ 5,000 ರೂಪಾಯಿ. ಘಟನೆ ನಡೆದ 3 ವರ್ಷದೊಳಗೆ ಹೋಗಬೇಕು.

ಪ್ರಶ್ನೆ: ಆಯೋಗ ದಂಡ ಹಾಕಿದರೆ ಮೇಲ್ಮನವಿ ಎಲ್ಲಿ? ಕಂಪನಿ ಹಾಕಿದ ಮೇಲ್ಮನವಿ ನನಗೂ ಸಾಕಾಗುತ್ತದೆಯೇ?
— ಶಿರಸಿ

ಉತ್ತರ: ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ 60 ದಿನದೊಳಗೆ ಹೋಗಬೇಕು. ದಂಡದ ಶೇ 25ರಷ್ಟನ್ನು ಠೇವಣಿ ಇಡದೆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟ್. ಆದೇಶದಲ್ಲಿ ನಿಮ್ಮ ಹೆಸರಿನ ಮುಂದೆ ಬೇರೆ ಮೊತ್ತ ಇದ್ದರೆ ಅದು ನಿಮ್ಮದೇ ದಂಡ. ಕಂಪನಿಯ ಮೇಲ್ಮನವಿಯನ್ನು ನೆಚ್ಚಿ ಕೂರಬೇಡಿ. ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಲಕೋಟೆ ಸಮೇತ ಕಾಪಾಡಿಕೊಳ್ಳಿ, 60 ದಿನದ ಎಣಿಕೆಗೆ ಅದು ಬೇಕಾಗುತ್ತದೆ.